ಎಡೆದೊರೆ ನಾಡಿನ ಜಕ್ಕವಕ್ಕಿಗಳು

ಪಕ್ಷಿವೀಕ್ಷಣೆಯೆಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಅದನ್ನು ಬಿಟ್ಟರೆ ಕೊಕ್ಕರೆ ಬೆಳ್ಳೂರು, ಗುಡವಿ, ಮಂಡಗದ್ದೆ. ಕಡಲತೀರದವರಾದರೆ ಅಘನಾಶಿನಿಯ ಅಳಿವೆಯನ್ನೂ ಅಲ್ಲಿಯ ಕಾಂಡ್ಲಾ ವನಗಳನ್ನೂ ಹೆಸರಿಸಿಯಾರು. ರಾಯಚೂರು ಸೀಮೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಿಸಿಲು, ಬರಗಾಲ, ಎರೆಮಣ್ಣು, ಕಲ್ಲುಗುಡ್ಡ ಇವಿಷ್ಟೇ ಆ ಸೀಮೆಯ ಆಸ್ತಿಯೆಂದು ದೂರದವರ ಭಾವನೆ. ಕಳೆದ ಡಿಸೆಂಬರಿನ ರಜೆಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗೆ ಹಕ್ಕಿ ನೋಡಲು ಹೊರಟಿದ್ದೇವೆಂದಾಗ ನೆರೆಹೊರೆಯವರು ನಕ್ಕರು. "ಅಲ್ಲಿ ಕಾಗೆಗೂ ನೆರಳಿಲ್ಲವಲ್ಲ!" ಎಂದು ಒಬ್ಬರು ಮರುಕಪಟ್ಟರು. ಅವರ ಮರುಕ ಎಷ್ಟು ಅಸ್ಥಾನದ್ದೆಂಬುದನ್ನು ತಿಳಿಸುವುದೇ ಈ ಬರೆಹದ ಒಂದು ಉದ್ದೇಶ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ನೆಲಕ್ಕೆ ನಮ್ಮ ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರು. ಎರಡು ತೊರೆಗಳ ಎಡೆಯಲ್ಲಿರುವ ನಾಡು. ಇದರ ಒಡೆತನಕ್ಕಾಗಿ ವಿಜಯನಗರದ ಅರಸರಿಗೂ ದಖ್ಖನಿನ ಸುಲ್ತಾನರಿಗೂ ತಲೆಮಾರುಗಟ್ಟಲೆ ಕಾದಾಟ ನಡೆಯಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಎಡಬಲಗಳಲ್ಲಿ ಎರಡು ಮಹಾನದಿಗಳು ಹರಿದರೂ ನಡುವಿನ ಹೊಲಗಳು ಮುಗಿಲನ್ನೇ ನೋಡುತ್ತ ಕುಳಿತವು. ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದೂ ನಂಬುವಂಥದಲ್ಲ.

ನಾವು ಹೋದ ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಸುಮಾರು 55 ಕಿಲೋಮೀಟರ್. ಮಸ್ಕಿ ಇವೆರಡರ ನಡುವೆ. ಇಷ್ಟು ಸಣ್ಣ ಹಾದಿಯಲ್ಲಿ ಮೂರು ಬಗೆಯ ನೀರನ್ನು ಕಾಣಬಹುದು. ಸಿಂಧನೂರಿನದು ಕಾಲುವೆಯ ನೀರು, ಮಸ್ಕಿಯದು ಹಳ್ಳ-ಕೆರೆಗಳ ನೀರು, ಲಿಂಗಸುಗೂರಿನದು ಕೃಷ್ಣೆಯ ನೀರು. ನೀರು ಬೇರೆಯಾದಂತೆ ಹಕ್ಕಿಯೂ ಬೇರೆ, ಅದನ್ನು ನೋಡುವ ಮನುಷ್ಯನ ಕಣ್ಣೂ ಬೇರೆ.

ಕಾಲುವೆಯ ಹಸಿರು

ಸಿಂಧನೂರನ್ನು ಇಂದು ಭತ್ತದ ಕಣಜವೆನ್ನುತ್ತಾರೆ. ಮೂರು ತಲೆಮಾರುಗಳ ಹಿಂದೆ ಇಲ್ಲಿ ಬಿಳಿಜೋಳ, ಹತ್ತಿ, ಶೇಂಗಾಗಳದೇ ರಾಜ್ಯ. ಹೈದರಾಬಾದು ಮತ್ತು ಮದರಾಸು ಸರಕಾರಗಳು ಕೂಡಿ 1945ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟೆ ಕಟ್ಟಲು ಅಡಿಗಲ್ಲಿಟ್ಟವು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆಯ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಸಾಗುತ್ತದೆ. ನೀರಿನ ಸುದ್ದಿ ಕೇಳಿ ಆಂಧ್ರದ ಕರಾವಳಿಯ ರೈತರು ಬಂದರು. ಜಮೀನು ಕೊಂಡು "ಕ್ಯಾಂಪು"ಗಳನ್ನು ಕಟ್ಟಿಕೊಂಡರು. ಮುಂದೆ ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದ ಕುಟುಂಬಗಳಿಗೂ ಸಿಂಧನೂರಿನ ಸುತ್ತ ಪುನರ್ವಸತಿ ದೊರೆಯಿತು. ಆ ಕ್ಯಾಂಪುಗಳ ಅಂಗಡಿಗಳಲ್ಲಿ ಇಂದಿಗೂ ಬಂಗಾಳಿಯ ಇಂಪು ಕಿವಿಗೆ ಬೀಳುತ್ತದೆ.

ಜನರು ಬಂದಂತೆ ಹಕ್ಕಿಗಳೂ ಬಂದವು. ಬೆಳಗ್ಗೆ ಆರೂವರೆಗೆ ಉಪಕಾಲುವೆಯ ಏರಿಯ ಮೇಲೆ ನಾವು ನಿಂತಾಗ ಮಂಜು ಇನ್ನೂ ಕರಗಿರಲಿಲ್ಲ. ನನ್ನ ಜೊತೆಗಿದ್ದವರು ಪ್ರಾಣಿಶಾಸ್ತ್ರದ ಅಧ್ಯಾಪಕರು. ದುರ್ಬೀನು ಅವರ ಕೊರಳಿನಲ್ಲಿ, ಚಹದ ಫ್ಲಾಸ್ಕು ನನ್ನ ಹೆಗಲಿನಲ್ಲಿ. ಕೊಯಿಲು ಮುಗಿದ ಗದ್ದೆಗಳಲ್ಲಿ ನಿಂತ ನೀರಿನ ತುಂಬ ಬೆಳ್ಳಕ್ಕಿಗಳು ಮಲ್ಲಿಗೆ ಚೆಲ್ಲಿದಂತೆ ಹರಡಿದ್ದವು. ಎಳೆಗೆಂಪಿನ ನೀಳ ಕಾಲುಗಳ ಮೆಟ್ಟುಗಾಲು ಹಕ್ಕಿಗಳು ನೀರಿನಲ್ಲಿ ಹೆಜ್ಜೆ ಎಣಿಸುತ್ತಿದ್ದವು. ಕೊಳದ ಬಕಗಳು ಬದುವಿನ ಮಣ್ಣಿನಲ್ಲಿ ಮಣ್ಣಾಗಿ ಕುಳಿತಿದ್ದು, ನಾವು ಸಮೀಪಿಸಿದೊಡನೆ ಬಿಳಿಯ ರೆಕ್ಕೆ ಬಿಚ್ಚಿ ಹಾರಿದವು. ತಂತಿಯ ಮೇಲೆ ಮಿಂಚುಳ್ಳಿ, ಜಾಲಿಯ ಗಿಡದಲ್ಲಿ ಗೀಜಗದ ಹಳೆಯ ಗೂಡುಗಳು, ನೀರಿನಂಚಿನಲ್ಲಿ ಮಿರುಗುವ ಕಂದುಬಣ್ಣದ ಕೆಂಬರಲುಗಳ ಸಾಲು.

ಇವುಗಳ ನಡುವೆ ಒಂದು ವಿಚಿತ್ರ ಕೊಕ್ಕರೆಯನ್ನು ನನ್ನ ಮಿತ್ರರು ತೋರಿಸಿದರು. ಅದರ ಮೇಲ್ಕೊಕ್ಕು ಕೆಳಕೊಕ್ಕುಗಳು ಮುಚ್ಚಿದಾಗಲೂ ನಡುವೆ ಕೂಡುವುದಿಲ್ಲ. ಅಡಕತ್ತರಿಯಲ್ಲಿ ಅಡಕೆ ಸಿಕ್ಕಿಕೊಂಡಂತೆ ಸಂದು ಉಳಿಯುತ್ತದೆ. ಬಾಯ್ಕಳಕವೆಂದು ಇದಕ್ಕೆ ಹೆಸರು. ಗದ್ದೆಯ ಬಸವನಹುಳುವೇ ಇದರ ಮುಖ್ಯ ಆಹಾರ. ಚಿಪ್ಪನ್ನು ಒಡೆಯದೆ, ಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ಒಳಗಿನ ಮೆದು ಮಾಂಸವನ್ನು ಮಾತ್ರ ಹೊರಗೆಳೆಯುವ ಇದರ ಕೈಚಳಕವನ್ನು ನೋಡುತ್ತ ನಾವು ಅರ್ಧ ತಾಸು ನಿಂತೆವು. ಭತ್ತದ ಸಸಿಗೆ ಕಂಟಕವಾಗುವ ಹುಳುವನ್ನು ಕಾಸು ಕೇಳದೆ ಹೆಕ್ಕಿ ತೆಗೆಯುವ ಈ ಆಳಿಗೆ ರೈತನು ಋಣಿಯಾಗಿರಬೇಕು. ಆದರೆ ಅದೇ ಗದ್ದೆಗೆ ಸುರಿಯುವ ಕೀಟನಾಶಕವು ಹುಳುವಿನೊಡನೆ ಈ ಆಳಿನ ಹೊಟ್ಟೆಗೂ ಸೇರುತ್ತದೆ. ಬದುವಿನ ಮೇಲೆ ಬಿದ್ದಿದ್ದ ಖಾಲಿ ಡಬ್ಬಿಗಳನ್ನು ನನ್ನ ಮಿತ್ರರು ಒಂದೊಂದಾಗಿ ಎಣಿಸಿ, ಹದಿನೇಳಕ್ಕೆ ನಿಲ್ಲಿಸಿದರು.

ಕಾಲುವೆಯ ಕಥೆಗೆ ಇನ್ನೂ ಒಂದು ಮುಖವಿದೆ. ಢಡೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ ತಾಲ್ಲೂಕು. ಕರ್ನಾಟಕದಲ್ಲಿ ಎರೆಭೂತವೆಂಬ ಮಹಾಪಕ್ಷಿಯ ಕೊನೆಯ ನೆಲೆ ಅದು. ಸುಮಾರು ಒಂದು ಮೀಟರ್ ಎತ್ತರದ, ಹಾರಬಲ್ಲ ಹಕ್ಕಿಗಳಲ್ಲಿಯೇ ಅತಿ ಭಾರವಾದವುಗಳ ಪಂಕ್ತಿಗೆ ಸೇರಿದ ಈ ಹಕ್ಕಿಗೆ ಎರೆಯ ಹೊಲ, ಹುಲ್ಲಿನ ಬಯಲು, ಮಳೆಯಾಶ್ರಯದ ಬೆಳೆ ಬೇಕು. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಇದಕ್ಕೆ ಕೆಸರುಗದ್ದೆಯಲ್ಲಿ ಸಂಸಾರ ಹೂಡುವುದು ಸಾಧ್ಯವಿಲ್ಲ. 1960ರ ಸುಮಾರಿಗೆ ಡಾ. ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದು ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಇಂದು ದೇಶದಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತನ್ನೂ ಮೀರಲಾರವು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನೀರು ಹರಿದಲ್ಲೆಲ್ಲ ಬೆಳ್ಳಕ್ಕಿ ಬಂದಿತು, ಎರೆಭೂತ ಹೊರಟುಹೋಯಿತು. ಕಾಲುವೆಯ ಲೆಕ್ಕದಲ್ಲಿ ಆದಾಯದ ಪುಟವನ್ನು ಮಾತ್ರ ಓದುವ ನಮಗೆ ವೆಚ್ಚದ ಈ ಪುಟವು ಕಣ್ಣಿಗೆ ಬೀಳುವುದಿಲ್ಲ.

ಬಂಡೆಯ ಮೇಲಿನ ಹೆಸರು

ಸಿಂಧನೂರಿನ ಹಸಿರನ್ನು ಹಿಂದಿಕ್ಕಿ ಮಸ್ಕಿಯ ಕಡೆಗೆ ನಡೆದಂತೆ ನೆಲದ ಬಣ್ಣ ಬದಲಾಗುತ್ತದೆ. ದುಂಡು ಬಂಡೆಗಳನ್ನು ಯಾರೋ ಅಡುಗೆಗೆ ಒಲೆ ಹೂಡಲೆಂದು ಒಟ್ಟಿದಂತೆ ಕಾಣುವ ಗುಡ್ಡಗಳು ಎದುರಾಗುತ್ತವೆ. ಇವುಗಳಲ್ಲಿ ದುರುಗದ ಗುಡ್ಡವೆಂಬುದು ಊರಿಗೆ ಒತ್ತಿಕೊಂಡೇ ಇದೆ. ಅಲ್ಲಿಯ ಒಂದು ಬಂಡೆಯ ಮೇಲೆ, 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರರಿಗೆ ಬ್ರಾಹ್ಮೀ ಲಿಪಿಯ ಶಾಸನವೊಂದು ದೊರೆಯಿತು. ಅದುವರೆಗೆ ದೊರೆತ ಧರ್ಮಲಿಪಿಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಇದ್ದವು. ಆ ದೇವಾನಾಂಪ್ರಿಯನೇ ಅಶೋಕನೆಂದು ಹೆಸರು ಹಿಡಿದು ಸಾರಿದ ಮೊದಲ ಶಾಸನ ಮಸ್ಕಿಯದು. ಚಿನ್ನ ಹುಡುಕಲು ಹೋದವರಿಗೆ ಚಕ್ರವರ್ತಿಯೇ ಸಿಕ್ಕಿದಂತಾಯಿತು.

ಹಕ್ಕಿಯ ಮಾತಿನ ನಡುವೆ ಅಶೋಕನೇಕೆ ಬಂದನೆಂದು ವಾಚಕರು ಕೇಳಬಹುದು. ಉತ್ತರ ಭಾರತದ ಸ್ತಂಭಗಳ ಮೇಲೆ ಅವನು ಕೆತ್ತಿಸಿದ ಐದನೆಯ ಧರ್ಮಲಿಪಿಯಲ್ಲಿ, ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಕೊಲ್ಲಬಾರದೆಂದು ವಿಧಿಸಿದ ಜೀವಿಗಳ ಪಟ್ಟಿಯಿದೆ. ಗಿಳಿ, ಗೊರವಂಕ, ಹಂಸ, ಚಕ್ರವಾಕಗಳ ಹೆಸರು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರುತ್ತವೆ. ಮಸ್ಕಿಯ ಬಂಡೆಯಲ್ಲಿ ಆ ಪಟ್ಟಿಯಿಲ್ಲ, ನಿಜ. ಆದರೆ ಪಟ್ಟಿಯಲ್ಲಿರುವ ಹಕ್ಕಿಗಳು ಮಸ್ಕಿಯ ಸುತ್ತ ಇವೆ! ದುರುಗದ ಗುಡ್ಡದ ಬಂಡೆಗಳ ಬಿರುಕುಗಳಿಂದ ಗಿಳಿಗಳು ಕಿರಿಚುತ್ತ ಹೊರಟವು. ಶಾಸನವನ್ನು ಕಾಯುವ ಮಾಡಿನ ಮೇಲೆ ಜೋಡಿ ಗೊರವಂಕಗಳು ಜಗಳವಾಡುತ್ತಿದ್ದವು. ಹಂಸವನ್ನು ಹುಡುಕಲು ನಾವು ಮರಳದಿನ್ನಿಯ ಕಡೆಗೆ ಹೋದೆವು. ಅಲ್ಲಿ ಮಸ್ಕಿ ಹಳ್ಳಕ್ಕೆ ಕಟ್ಟಿದ ಜಲಾಶಯವಿದೆ.

ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ನೂರಕ್ಕೆ ಮೀರಿದ ಹೆಬ್ಬಾತುಗಳು ಕುಳಿತಿದ್ದವು. ಬೂದುಬಿಳುಪಿನ ಮೈ, ಹಳದಿಯ ಕೊಕ್ಕು ಮತ್ತು ಕಾಲು. ಬಿಳಿಯ ತಲೆಯ ಹಿಂಬದಿಗೆ ಯಾರೋ ಕಾಡಿಗೆಯಿಂದ ಎಳೆದಂತೆ ಎರಡು ಕಪ್ಪು ಪಟ್ಟೆಗಳು. ಪಟ್ಟೆತಲೆಯ ಹೆಬ್ಬಾತುಗಳಿವು. ಕಾವ್ಯಗಳ ಹಂಸವು ಇದೇ ಇರಬೇಕೆಂದು ವಿದ್ವಾಂಸರಲ್ಲಿ ಕೆಲವರ ಮತ. ಇವುಗಳ ತವರು ಟಿಬೆಟ್ಟು ಮತ್ತು ಮಂಗೋಲಿಯದ ಎತ್ತರದ ಸರೋವರಗಳು. ಚಳಿಗಾಲದಲ್ಲಿ ಆ ನೀರೆಲ್ಲ ಹೆಪ್ಪುಗಟ್ಟಿದಾಗ ಹಿಮಾಲಯವನ್ನು ದಾಟಿ ನಮ್ಮ ಕಡೆಗೆ ಬರುತ್ತವೆ. ಸಣ್ಣ ಪ್ರೇಷಕಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲೆಯಾಗಿದೆ. ಮನುಷ್ಯನು ಉಸಿರಿಗಾಗಿ ತಿಣುಕುವ ಆ ಎತ್ತರದಲ್ಲಿ ರೆಕ್ಕೆ ಬಡಿಯಲು ಇವುಗಳ ರಕ್ತಕ್ಕೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ವಿಶೇಷ ಶಕ್ತಿಯಿದೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅವನ್ನು ನೋಡುತ್ತ ನಿಂತಾಗ, ಮರಳದಿನ್ನಿಯ ನೀರಿಗೂ ಮಂಗೋಲಿಯದ ನೀರಿಗೂ ಇರುವ ನೆಂಟಸ್ತಿಕೆಯನ್ನು ನೆನೆದು ಮೈ ಜುಮ್ಮೆಂದಿತು.

ಆ ಮೈಮರೆವಿನಿಂದ ನಮ್ಮನ್ನು ಎಚ್ಚರಿಸಿದವರು ಪಕ್ಕದ ಕಡಲೆಯ ಹೊಲದ ಹಿರಿಯ ರೈತರು. ಕೈಯಲ್ಲಿ ಕವಣೆಯಿತ್ತು.

"ಏನ್ ನೋಡಾಕ ಹತ್ತೀರಿ ಸರ್?" ಎಂದರು.

"ಹಕ್ಕಿ ನೋಡಾಕ ಬಂದೀವಿ, ತಾತ. ಹಿಮಾಲಯ ದಾಟಿ ಬಂದಾವ ಇವು," ಎಂದು ನನ್ನ ಮಿತ್ರರು ಉತ್ಸಾಹದಿಂದ ದುರ್ಬೀನನ್ನು ಅವರ ಮುಂದೆ ಹಿಡಿದರು.

ಅವರು ಅದನ್ನು ಮುಟ್ಟಲಿಲ್ಲ. "ಅಷ್ಟ ದೂರದಿಂದ ಬಂದಿದ್ದು ನನ್ನ ಕಡ್ಲಿ ತಿನ್ನಾಕೇನ್ರಿ? ರಾತ್ರಿ ಇಳೀತಾವ್ರಿ. ಮುಂಜಾನೆ ಬಂದು ನೋಡಿದ್ರ ಕುಡಿ ಒಂದೂ ಇರಂಗಿಲ್ಲ. ನೀವು ನೀರಾಗ ನೋಡ್ತೀರಿ. ಹೊಲದಾಗ ಬಂದು ನೋಡ್ರಲ್ಲ!"

ಹೊಲದಲ್ಲಿ ಹೋಗಿ ನೋಡಿದೆವು. ನೀರಿಗೆ ಹತ್ತಿದ ನಾಲ್ಕಾರು ಸಾಲುಗಳ ಕುಡಿಯನ್ನು ಕತ್ತರಿಯಿಟ್ಟು ಕತ್ತರಿಸಿದಂತಿತ್ತು. ಹೆಬ್ಬಾತುಗಳು ಹಗಲು ನೀರಿನ ದಂಡೆಯಲ್ಲಿ ವಿಶ್ರಮಿಸಿ, ರಾತ್ರಿ ಹೊಲಗಳಲ್ಲಿ ಮೇಯುವ ಸ್ವಭಾವದವು. "ಕೊಂದೀರಾ ಎಂದಾದರೂ?" ಎಂದು ನಾನು ಕೇಳಿದೆ. ಆ ಮುದುಕರು ನೊಂದ ಮುಖದಿಂದ, "ಛೇ, ಬಿಡ್ರಿ. ಹೊಟ್ಟಿಗಿ ಬಂದಾವ, ಹೊಡದ್ರ ಪಾಪ. ಓಡಸ್ತೀನಿ ಅಷ್ಟ. ಆದ್ರ ನನ್ನ ಹೊಟ್ಟಿ ಕೇಳೋರು ಯಾರು?" ಎಂದರು. ಅಶೋಕನ ಶಾಸನವನ್ನು ಅವರು ಓದಿರಲಾರರು. ಅದರ ಅರ್ಥವನ್ನು ಕಲಿಸಿಕೊಡಲು ಅವರಿಗೆ ನಾವು ಬೇಕಿರಲಿಲ್ಲ.

ಮಸ್ಕಿಯ ರೈತನ ಸಂಕಟ ಹೆಬ್ಬಾತಿನದಷ್ಟೇ ಅಲ್ಲ. ಸಿಂಧನೂರಿನ ಹಸಿರನ್ನು ದಿನವೂ ನೋಡುತ್ತ ತನ್ನ ಒಣ ಹೊಲದಲ್ಲಿ ನಿಂತವನು ಅವನು. ನಾರಾಯಣಪುರದ ಬಲದಂಡೆಯಿಂದ 5ಎ ಕಾಲುವೆ ಬರಲಿ ಎಂದು 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಹೂಡಿದ ಧರಣಿ ತಿಂಗಳುಗಟ್ಟಲೆ ನಡೆಯಿತು. ಹುಲ್ಲುಬಯಲಿನ ಹಕ್ಕಿಗೆ ನೆಲೆ ಬೇಕು, ಆದುದರಿಂದ ನಿಮ್ಮ ಹೊಲ ಒಣಗಿಯೇ ಇರಲಿ ಎಂದು ನಗರದಿಂದ ಬಂದ ನಾವು ಹೇಳಬಹುದೇ? ಹೇಳುವ ಧೈರ್ಯ ನನಗಂತೂ ಬರಲಿಲ್ಲ. ಸಂಬಳದವನ ಪಕ್ಷಿಪ್ರೇಮಕ್ಕೂ ಸಾಲದವನ ಪಕ್ಷಿಪ್ರೇಮಕ್ಕೂ ಬೆಲೆ ಒಂದೇ ಅಲ್ಲ.

ಕೃಷ್ಣೆಯ ಮಡಿಲಿನಲ್ಲಿ

ಲಿಂಗಸುಗೂರು ಒಂದು ಕಾಲಕ್ಕೆ ನಿಜಾಮರ ರಾಜ್ಯದಲ್ಲಿ ಜಿಲ್ಲೆಯ ಕೇಂದ್ರವಾಗಿದ್ದ ಊರು. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಕೃಷ್ಣೆಯು ಬಂಡೆಗಳ ನಡುವೆ ಕವಲೊಡೆಯುತ್ತಾಳೆ. ಆ ಕವಲುಗಳ ನಡುಗಡ್ಡೆಯ ಮೇಲೆ ಜಲದುರ್ಗದ ಕೋಟೆ. ಮೇಲ್ಭಾಗದಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿದೆ. ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ಹೆಚ್ಚಾಗಿ ತೆರೆದಾಗ ಶೀಲಹಳ್ಳಿಯ ಸೇತುವೆ ಮುಳುಗಿ, ನಡುಗಡ್ಡೆಯ ಹಳ್ಳಿಗಳ ಜನ ಹೊರಗಿನ ಲೋಕದಿಂದ ದೂರವಾಗುತ್ತಾರೆ. ಡಿಸೆಂಬರಿನಲ್ಲಿ ಅದೇ ಕೃಷ್ಣೆ ಶಾಂತಳು. ಬಂಡೆಗಳ ನಡುವೆ ತಿಳಿನೀರಿನ ಮಡುಗಳು, ಮರಳಿನ ದಿಬ್ಬಗಳು. ಮಡುಗಳಲ್ಲಿ ಮೊಸಳೆಗಳಿವೆ, ಹಕ್ಕಿ ನೋಡುವ ಭರದಲ್ಲಿ ನೀರಿಗೆ ಇಳಿಯಬಾರದೆಂದು ದನ ಕಾಯುವ ಹುಡುಗರು ನಮ್ಮನ್ನು ಎರಡು ಸಲ ಎಚ್ಚರಿಸಿದರು.

ಸಂಜೆ ಐದರ ಹೊತ್ತಿಗೆ ಮರಳ ದಿಬ್ಬದ ಮೇಲೆ ಕಾವಿಯ ಬಣ್ಣದ ಎರಡು ಹಕ್ಕಿಗಳು ಇಳಿದವು. ಬಾತಿಗಿಂತ ದೊಡ್ಡವು, ಹೆಬ್ಬಾತಿಗಿಂತ ಚಿಕ್ಕವು; ತಲೆ ಮಾಸಲು ಬಿಳುಪು, ಬಾಲ ಕಪ್ಪು. ರೆಕ್ಕೆ ಬಿಚ್ಚಿದಾಗ ಅಚ್ಚಬಿಳಿಯ ಪಟ್ಟಿ ಫಕ್ಕನೆ ಮಿಂಚಿ ಮಾಯವಾಯಿತು. "ಇದೇ ನಿಮ್ಮ ಚಕ್ರವಾಕ!" ಎಂದು ಮಿತ್ರರು ಪಿಸುಗುಟ್ಟಿದರು.

ಜಕ್ಕವಕ್ಕಿ! ಚಂಪೂಕಾವ್ಯಗಳ ಸೂರ್ಯಾಸ್ತದ ವರ್ಣನೆಯಲ್ಲಿ ಈ ಹಕ್ಕಿ ಬರದಿರುವುದೇ ಅಪರೂಪ. ಹಗಲೆಲ್ಲ ಜೊತೆಯಾಗಿದ್ದು, ಇರುಳಾದೊಡನೆ ಅಗಲಿ, ನದಿಯ ಆಚೀಚೆಯ ದಡಗಳಲ್ಲಿ ಕುಳಿತು ಒಂದನ್ನೊಂದು ಕರೆಯುತ್ತ ಬೆಳಗನ್ನು ಕಾಯುತ್ತದೆಂಬುದು ಕವಿಸಮಯ. ಹತ್ತು ವರ್ಷಗಳಿಂದ ತರಗತಿಯಲ್ಲಿ ಜಕ್ಕವಕ್ಕಿಯ ವಿರಹವನ್ನು ವಿವರಿಸುತ್ತಿದ್ದ ನನಗೆ ಅದರ ಮುಖದರ್ಶನವಾದುದು ಅಂದೇ. ಕವಿಸಮಯಕ್ಕೆ ಆಧಾರವೂ ಇಲ್ಲದಿಲ್ಲ. ಇವು ರಾತ್ರಿಯಲ್ಲಿ ಹೆಚ್ಚಾಗಿ ಮೇಯುತ್ತವೆ. ಮೇಯುತ್ತ ಮೇಯುತ್ತ ಗಂಡುಹೆಣ್ಣು ದೂರವಾದಾಗ ಕೂಗಿ ಕರೆಯುತ್ತವೆ. ಕತ್ತಲಿನಲ್ಲಿ ಆ ಕೂಗನ್ನು ಕೇಳಿದ ಯಾವನೋ ಹಳೆಯ ಕವಿ ಅದಕ್ಕೆ ಕಾರಣವನ್ನು ತನ್ನ ಹೃದಯದಲ್ಲಿ ಹುಡುಕಿರಬೇಕು. ಹೊತ್ತು ಮುಳುಗಿದ ಮೇಲೆ ನಾವೂ ಕೇಳಿದೆವು. "ಆಂಗ್, ಆಂಗ್" ಎಂದು ಮೂಗಿನಿಂದ ಬರುವ ಒಡಕು ದನಿ. ಕಿವಿಗೆ ಅಷ್ಟೇನೂ ಇಂಪಲ್ಲ. ಆದರೂ ಆಚೆಯ ದಿಬ್ಬದಿಂದ ಮರುದನಿ ಬಂದಾಗ ಇಬ್ಬರೂ ಮಾತನಾಡದೆ ಕುಳಿತೆವು.

ಪಟ್ಟಿಗೆ ಸೇರದ ನೀರು

2024ರ ಜನವರಿಯಲ್ಲಿ ಕರ್ನಾಟಕದ ಮೂರು ಜೌಗುನೆಲೆಗಳು ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದವು: ಅಘನಾಶಿನಿಯ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಅದಕ್ಕೆ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು. ಮಾಗಡಿ ಕೆರೆಯ ಹೆಬ್ಬಾತುಗಳೂ ಮರಳದಿನ್ನಿಯ ಹೆಬ್ಬಾತುಗಳೂ ಒಂದೇ ಬಳಗದವು. ಅಲ್ಲಿ ಅವುಗಳಿಗೆ ಫಲಕವಿದೆ, ಕಾವಲಿದೆ, ನೋಡಲು ಬರುವ ಶಾಲೆಯ ಮಕ್ಕಳಿದ್ದಾರೆ. ನಾವು ಅಲೆದ ಮೂರು ತಾಲ್ಲೂಕುಗಳ ಹಾದಿಯಲ್ಲಿ ಅಂಥ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಇಲ್ಲಿಯ ಹಕ್ಕಿಗಳನ್ನು ಉಳಿಸಿರುವುದು ಕವಣೆ ಹಿಡಿದೂ ಗುರಿಯಿಟ್ಟು ಹೊಡೆಯದ ರೈತರ ದಾಕ್ಷಿಣ್ಯವೊಂದೇ.

ದಾಕ್ಷಿಣ್ಯವು ಎಷ್ಟು ದಿನ ತಡೆದೀತು? ತುಂಗಭದ್ರೆಯ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಇಂದು ಆ ಲೆಕ್ಕ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ ಎಡದಂಡೆಯ ರೈತರು ನಿದ್ದೆಗೆಟ್ಟು ಕುಳಿತಿದ್ದುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಕಾಲುವೆಯ ತಲೆಯಲ್ಲಿರುವವರು ಎರಡು ಬೆಳೆ ಭತ್ತ ತೆಗೆದರೆ, ಬಾಲದಲ್ಲಿರುವ ಮಾನ್ವಿ, ರಾಯಚೂರುಗಳ ರೈತರಿಗೆ ನೀರು ತಲುಪುವುದೇ ಕಷ್ಟ. ತಲೆಯ ಕಡೆ ನೀರು ಹೆಚ್ಚಾಗಿ ನೆಲ ಸವಳು-ಜವಳಾಗುತ್ತದೆ. ಬಾಲದ ಕಡೆ ನೆಲ ಬಿರಿಯುತ್ತದೆ. ಮನುಷ್ಯರಿಗೇ ಹಂಚಲು ಸಾಲದ ನೀರಿನಲ್ಲಿ ಹಕ್ಕಿಯ ಪಾಲನ್ನು ಕೇಳುವವರಾರು?

ಆದರೂ ಮಾಡಬಹುದಾದ ಸಣ್ಣ ಕೆಲಸಗಳು ಇಲ್ಲದಿಲ್ಲ. ಹೆಬ್ಬಾತು ಮೇಯ್ದ ಹೊಲಕ್ಕೆ ಪರಿಹಾರವು ತಕರಾರಿಲ್ಲದೆ ದೊರೆಯುವಂತಾದರೆ ಆ ಮುದುಕರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ. ಕೆರೆ-ಜಲಾಶಯಗಳ ಇಳಿನೀರಿನ ಅಂಚನ್ನು ಉಳುಮೆಗೆ ಒತ್ತುವರಿ ಮಾಡದೆ ಬಿಟ್ಟರೆ ಹಕ್ಕಿಗಳಿಗೆ ಮೇವು ಅಲ್ಲಿಯೇ ದೊರೆಯುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ದೇಶಗಳಲ್ಲೆಲ್ಲ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಈ ಮೂರು ಊರುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಕೆರೆಗಳ ಲೆಕ್ಕವನ್ನು ಅದಕ್ಕೆ ಸೇರಿಸಬಹುದು. ಎಣಿಸದ ವಸ್ತು ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ.

ಹೋಗಬಯಸುವ ವಾಚಕರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಮುಂಜಾನೆ ಸಿಂಧನೂರಿನ ಗದ್ದೆಗಳು, ಮಧ್ಯಾಹ್ನ ಮಸ್ಕಿಯ ಬಂಡೆ ಮತ್ತು ಮರಳದಿನ್ನಿ, ಮರುದಿನ ಸಂಜೆ ಕೃಷ್ಣೆಯ ದಡ, ಹೀಗೆ ಎರಡು ದಿನ ಸಾಕು. ಹೊಲದ ಬದುವಿನಲ್ಲಿ ನಡೆಯುವಾಗ ಹೊಲದವರನ್ನು ಕೇಳಿ ನಡೆಯಿರಿ. ಕುಳಿತ ಹಿಂಡನ್ನು ಎಬ್ಬಿಸಿ ಚಿತ್ರ ತೆಗೆಯಬೇಡಿ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಪ್ರತಿಯೊಂದು ರೆಕ್ಕೆಬಡಿತವೂ ಕೂಡಿಟ್ಟ ಕೊಬ್ಬಿನ ವೆಚ್ಚ.

ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಅರಸನು ಕೊಲ್ಲಬಾರದ ಹಕ್ಕಿಗಳ ಹೆಸರನ್ನು ಕಲ್ಲಿನಲ್ಲಿ ಬರೆಸಿದನು. ಅವನ ಸಾಮ್ರಾಜ್ಯ ಉಳಿಯಲಿಲ್ಲ. ಅವನ ಹೆಸರೇ ಮರೆತುಹೋಗಿ, ಮಸ್ಕಿಯ ಬಂಡೆಯೇ ಅದನ್ನು ಲೋಕಕ್ಕೆ ತಿಳಿಸಿಕೊಡಬೇಕಾಯಿತು. ಆದರೆ ಅವನ ಪಟ್ಟಿಯ ಜಕ್ಕವಕ್ಕಿ ಪ್ರತಿ ಚಳಿಗಾಲವೂ ಕೃಷ್ಣೆಗೆ ತಪ್ಪದೆ ಬರುತ್ತಿದೆ. ಅದು ಬರುವಷ್ಟು ಕಾಲ ಈ ನಾಡಿನ ನೀರಿನಲ್ಲಿ ಇನ್ನೂ ಜೀವವಿದೆಯೆಂದು ತಿಳಿಯಬಹುದು.